ಮೂರು ಮೊಳ ಕಣಗಿಲೆ

ಖಂಡೇನವಮಿಯ ಬೆಳಿಗ್ಗೆ ಸಂತು ಆ ಹೂಮಾಲೆಯನ್ನು ಕಿತ್ತು ಲದ್ದಿಯ ಗುಡ್ಡೆಗೆ ಎಸೆದದ್ದನ್ನು ಮಲಾಡಿನ ಗಲ್ಲಿಯಲ್ಲಿ ಏಳೆಂಟು ಜನ ನೋಡಿದರು. ಕಟ್ಟಿ ತಂದವಳು ಎದುರಿಗೇ ನಿಂತಿದ್ದಳು. ಪ್ರೀತಿ ಶುರುವಾಗುವುದಕ್ಕೆ ಇದಕ್ಕಿಂತ ಕೆಟ್ಟ ದಾರಿ ಇರಲಾರದು.

ದಾನೇಶ್ವರಿ ಗಲ್ಲಿಯ ತಿರುವಿನಲ್ಲಿ ಹೂ ಮಾರುವವಳು. ಸಂತು ವಿಜಯಪುರದ ಕಡೆಯವನು. ಬಿಜಲಿ ಎಂಬ ಬಿಳಿ ಕುದುರೆಯನ್ನು ಮದುವೆ ಮೆರವಣಿಗೆಗಳಿಗೆ ಕರೆದೊಯ್ಯುವುದು ಅವನ ಕೆಲಸ. ವಾರಕ್ಕೆರಡು ಸಲ ಅವಳ ಅಂಗಡಿಯಿಂದ ಚೆಂಡುಹೂವಿನ ಮಾಲೆ ಒಯ್ಯುತ್ತಿದ್ದ. ಮಾಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಅವಳನ್ನಲ್ಲ.

ಎಂಟು ತಿಂಗಳು ಅವಳು ಇದನ್ನು ಸಹಿಸಿಕೊಂಡಳು. ಕೊನೆಗೆ ಬಿಲ್ಡಿಂಗ್ ಕಾಂಪೌಂಡಿನ ಕಣಗಿಲೆ ಕೊಯ್ದಳು. ಮನೆಯಲ್ಲಿ ದೇವರಿಗೆ ಏರಿಸುವ ಹೂ, ಹಬ್ಬದ ದಿನ ಕುದುರೆಗೂ ಒಳ್ಳೆಯದೇ ಎಂದುಕೊಂಡು, ನಡುನಡುವೆ ಅದರದೇ ಎಲೆ ಇಟ್ಟು ಕಟ್ಟಿದಳು. ಸಂತು ಸ್ನಾನಕ್ಕೆ ಹೋಗಿದ್ದಾಗ ಗಲ್ಲಿಯಲ್ಲಿ ಕಟ್ಟಿದ್ದ ಬಿಜಲಿಯ ಮುಂದಿನ ಅಡ್ಡ ಬಿದಿರಿಗೆ ತೂಗುಹಾಕಿ, ಅವನ ಮುಖ ಹೇಗಾಗುತ್ತದೋ ನೋಡೋಣವೆಂದು ಬಚ್ಚಲ ಬಾಗಿಲಿನತ್ತಲೇ ಕಣ್ಣಿಟ್ಟು ನಿಂತಳು. ಕುದುರೆಯ ಕಡೆ ನೋಡಲೇ ಇಲ್ಲ.

"ಹೂವೇ ತೋ ಅದ. ಬ್ಯಾಡಂದ್ರ ಬ್ಯಾಡ ಅನ್ನಬೇಕು," ಎಂದಳು, ಮಾಲೆ ಲದ್ದಿಗೆ ಬಿದ್ದ ಮೇಲೆ. ಅಳು ಬಂದಿತ್ತು, ತೋರಿಸಲಿಲ್ಲ.

"ಕಣಗಲ ಅದು. ಕುದುರಿ ತಿಂದ್ರ ಎದಿ ನಿಂತು ಸಾಯ್ತದ." ಅವನು ಬಿಜಲಿಯ ತುಟಿ ಬಿಡಿಸಿದ. ಹಲ್ಲಿಗೆ ಗುಲಾಬಿ ಬಣ್ಣದ ಎಸಳು ಅಂಟಿತ್ತು.

ಪಶುವೈದ್ಯೆ ಡಾಕ್ಟರ್ ಸುಪ್ರಜಾ ದಹಿಸರದಲ್ಲಿ ಇನ್ನೊಂದು ಕುದುರೆ ನೋಡುತ್ತಿದ್ದರು. ಸಂತು ಫೋನನ್ನು ಸ್ಪೀಕರಿಗೆ ಹಾಕಿದ.

"ಎಷ್ಟು ತಿಂದಿದೆ?"

"ಒಂದೆರಡು ಎಲಿ ಇರಬೇಕ್ರಿ ಮೇಡಂ."

"ಒಂದೆರಡಾದ್ರೆ ಇಲ್ಲಿದು ಮುಗಿಸಿಕೊಂಡು ಬರ್ತೀನಿ. ಜಾಸ್ತಿ ಅಂದ್ರೆ ಈಗಲೇ ಹೊರಡ್ಬೇಕು. ಸರಿಯಾಗಿ ನೋಡಿ ಹೇಳಿ."

ದಾನೇಶ್ವರಿ ಸುಮ್ಮನಿದ್ದುಬಿಡಬಹುದಿತ್ತು. ಒಂದೆರಡು ಎಲೆ ಎಂದರೆ ಸಣ್ಣ ತಪ್ಪು, ಅವನು ಮರೆತಾನು. ಅವಳು ಹೋಗಿ ಲದ್ದಿಯಲ್ಲಿ ಬಿದ್ದಿದ್ದ ಮಾಲೆಯನ್ನು ಎತ್ತಿದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆದಳು.

"ಮೂರು ಮೊಳ ಕಟ್ಟಿದ್ದೆ, ಎರಡೇ ಅದ. ಮೊಳಕ್ಕ ಹದಿನಾಲ್ಕು ಎಲಿ. ಹದಿನಾಲ್ಕೂ ಹೊಟ್ಟಿಗೆ ಹೋಗ್ಯಾವ, ಹೂ ಬ್ಯಾರೆ."

"ನಿಮಗ ಈ ಮಾಲಿ ಯಾರು ಆರ್ಡರ್ ಕೊಟ್ಟಿದ್ರು?" ಎಂದ ಸಂತು.

"ಯಾರೂ ಇಲ್ಲ. ನೀವು ಒಮ್ಮೆ ನನ್ನ ಮಾರಿ ನೋಡ್ಲಿ ಅಂತ ನಾನೇ ಕಟ್ಟಿದ್ದು."

ಗಲ್ಲಿಗೆ ಗಲ್ಲಿಯೇ ಕೇಳಿಸಿಕೊಂಡಿತು. ಫೋನಿನಲ್ಲಿದ್ದ ಡಾಕ್ಟರೂ ಕೇಳಿಸಿಕೊಂಡರು.

"ನಾನು ಹೊರಟೆ," ಎಂದರು. "ಕುದುರೇನ ನಡೆಸ್ಬೇಡಿ, ನೆರಳಲ್ಲಿ ನಿಲ್ಲಿಸಿ."

ಅವರು ಬಂದು ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಗೆ ಇದ್ದಿಲ ನೀರು ಹಾಕಿದರು, ನಾಲ್ಕು ದಿನ ಎದೆಬಡಿತ ಕೇಳಿದರು. ಅಂದು ಮಧ್ಯಾಹ್ನದವರೆಗೆ ತಡಮಾಡಿ ಬಂದಿದ್ದರೆ ಕುದುರೆ ಇರುತ್ತಿರಲಿಲ್ಲ ಎಂದು ಸಂತುವಿಗೆ ಹೇಳಿಹೋದರು. ದಾನೇಶ್ವರಿ ಆ ಕಡೆ ಸುಳಿಯಲಿಲ್ಲ. ಬಿಜಲಿ ಹುಲ್ಲಿಗೆ ಬಾಯಿ ಹಾಕಿತು ಎಂಬ ಸುದ್ದಿಯನ್ನು ಪಕ್ಕದ ತರಕಾರಿ ಗಾಡಿಯ ಚಂದ್ರವ್ವ ತಂದಾಗ, ಹೂ ಕಟ್ಟುವ ಕೈ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಐದನೆಯ ದಿನ ಸಂತು ಅಂಗಡಿಗೆ ಬಂದ.

"ಮಾಲಿ ಬೇಕೇನ್ರಿ?"

"ಬ್ಯಾಡ."

ಅವಳು ಸೇವಂತಿಗೆಯ ಮೇಲೆ ನೀರು ಚಿಮುಕಿಸಿದಳು. ಆಗಲೇ ಎರಡು ಸಲ ಚಿಮುಕಿಸಿಯಾಗಿತ್ತು.

"ನನ್ ಮ್ಯಾಲೆ ಸಿಟ್ಟು ಅದ ಏನ್ರಿ?"

"ಅದ. ಭಾಳ ಅದ." ಈಗ ಅವನು ನೇರ ಅವಳ ಮುಖವನ್ನೇ ನೋಡುತ್ತಿದ್ದ, ಕಣ್ಣು ತಗ್ಗಿಸುವ ಸರದಿ ಅವಳದಾಯಿತು. "ಸಿಟ್ಟು ಇಳೀಲಿ, ಆಮ್ಯಾಲೆ ಬಂದ್ರಾತು ಅಂತ ಕಾದೆ. ಇಳೀಲಿಲ್ಲ. ನಿನ್ನ ನೋಡದ ಇರ್ಲಿಕ್ಕೂ ಆಗಲಿಲ್ಲ."

ದಾನೇಶ್ವರಿ ತಾನು ಕುಳಿತಿದ್ದ ಸ್ಟೂಲನ್ನು ಅವನತ್ತ ಸರಿಸಿದಳು.

"ಹಾಂಗಾದ್ರ ಇಲ್ಲೇ ಕೂತು ಸಿಟ್ಟು ಮಾಡ್ರಿ," ಎಂದಳು.