ಬಿಚ್ಚಿಹೋದ ಒಂಬತ್ತು ಸುತ್ತು

ಮುರೇಥಿ ಎದ್ದು ನಿಂತಾಗ ಸೋಫಾದ ಹೊದಿಕೆಯೂ ಅವನ ಜೊತೆಗೇ ಎದ್ದಿತು.

ಅವನ ತಮ್ಮ ಕಿಹಾರನಿಗೆ ಹೆಣ್ಣು ಕೇಳಲು ಮನೆಯವರೆಲ್ಲ ಕಮಾಂಡೆಯ ಮನೆಗೆ ಬಂದಿದ್ದರು. ಒಬ್ಬೊಬ್ಬರೇ ಎದ್ದು ಹೆಸರು, ಊರು ಹೇಳಿ ಕೂರಬೇಕು. ಮುರೇಥಿಯ ಸರದಿ ಬಂತು. ಕೋಟಿನ ತೋಳಿನ ಗುಂಡಿಗೆ ಕ್ರೋಶಾದ ಒಂದು ಕುಣಿಕೆ ಸಿಕ್ಕಿಕೊಂಡಿರುವುದು ಪಾಪ ಅವನಿಗೆ ಗೊತ್ತಿರಲಿಲ್ಲ. "ನಾನು ಮುರೇಥಿ, ಓಲ್ ಕಲೌ ಕಡೆಯವನು, ದನದ ಡಾಕ್ಟ್ರು," ಎಂದು ಕೈ ಎತ್ತಿದ. ಹೊದಿಕೆ ಹಾರಿಬಂದು ಚಹಾದ ಲೋಟವನ್ನು ಉರುಳಿಸಿತು.

ಅಡುಗೆಮನೆಯ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ನ್ಯಾವಿರಾ ಕೂಗಿದಳು: "ಎಳೀಬೇಡಿ! ಹಾಗೇ ನಿಂತ್ಕೊಳ್ಳಿ!"

ಗಾಬರಿಬಿದ್ದ ಗಂಡಸಿಗೆ ಅದೆಲ್ಲ ಕೇಳಿಸುವುದುಂಟೇ? ಅವನು ಎಳೆದ. ಎಳೆದಷ್ಟೂ ನೂಲು ಬಿಚ್ಚಿಕೊಂಡು ಬಂತು. ಕೊನೆಗೆ ಜೇಬಿನಿಂದ ಚಾಕು ತೆಗೆದು, ಕರುವಿನ ಹೊಕ್ಕುಳಬಳ್ಳಿ ಕತ್ತರಿಸುವ ಚುರುಕಿನಲ್ಲಿ ಕಚಕಚನೆ ಹತ್ತಾರು ಕಡೆ ಕತ್ತರಿಸಿಬಿಟ್ಟ.

ಮನೆಯೆಲ್ಲ ನಕ್ಕಿತು. ನ್ಯಾವಿರಾಗೆ ಮಾತ್ರ ನಗು ಬರಲಿಲ್ಲ.

ಸೋಫಾದ ಮೇಲೆ ಕೈಯಲ್ಲಿ ಹೆಣೆದ ಕಿತಂಬಾ ಹಾಸದೆ ನೆಂಟರನ್ನು ಕೂರಿಸುವ ಹೆಂಗಸು ಈ ಬೆಟ್ಟದ ಸೀಮೆಯಲ್ಲಿ ಯಾರಿದ್ದಾರೆ? ಪ್ರತಿ ಮನೆಯಲ್ಲೂ ಹತ್ತಾರು ಇರುತ್ತವೆ. ಆದರೆ ಇದು ಬೇರೆ. ಇಪ್ಪತ್ತೆರಡು ಸುತ್ತಿನ ಅನಾನಸ್ ಹೂವಿನ ಈ ಕಿತಂಬಾವನ್ನು ನ್ಯಾವಿರಾಳ ಅಮ್ಮ ತನ್ನ ಅಣ್ಣ ಕಮಾಂಡೆಯ ಮನೆಗೆಂದು ಹೆಣೆದದ್ದು. ಅವಳ ಕೈಯಿಂದ ಮುಗಿದ ಕೊನೆಯ ಕೆಲಸ ಇದೇ. ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು. ಅಂದಿನಿಂದ ನ್ಯಾವಿರಾ ಕ್ರೋಶಾ ಕಡ್ಡಿ ಮುಟ್ಟಿರಲಿಲ್ಲ.

"ಕ್ಷಮಿಸಿ," ಎಂದ ಮುರೇಥಿ. ಕಿವಿಯೆಲ್ಲ ಬಿಸಿಯಾಗಿತ್ತು. "ಹೊಸದು ತಂದ್ಕೊಡ್ತೀನಿ."

"ಎಲ್ಲಿಂದ ತರ್ತೀರಿ?"

"ಅಂಗಡಿಯಿಂದ."

"ಇದನ್ನ ಹೆಣೆದ ಕೈ ಅಂಗಡೀಲಿ ಸಿಗುತ್ತಾ?"

ಗಂಡಿನ ಕಡೆಯ ಮುದುಕರೊಬ್ಬರು ಮಾತು ಹಗುರ ಮಾಡಲೆಂದು, "ಖಾರವಾದ ಹುಡುಗಿ! ಕಮಾಂಡೆ, ಇವಳು ಯಾರಪ್ಪಾ? ಇವಳ ವಿಚಾರಕ್ಕೂ ಒಂದ್ಸಲ ಬರಬಹುದಾ?" ಎಂದರು.

"ನನ್ನ ತಂಗಿ ಮಗಳು. ಆಸ್ಪತ್ರೇಲಿ ನರ್ಸು," ಎಂದ ಕಮಾಂಡೆ.

"ನನ್ನ ವಿಚಾರ ಯಾರೂ ಕೇಳೋದು ಬೇಡ," ಎಂದಳು ನ್ಯಾವಿರಾ, ಎಲ್ಲರಿಗೂ ಕೇಳುವ ಹಾಗೆ. "ಇಲ್ಲ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಬಂದ ಕೆಲಸ ನೋಡ್ಕೊಳ್ಳಿ, ತಾತ."

ಮೂವತ್ತೈದರ ಹೆಂಗಸು, ಹನ್ನೆರಡು ವರ್ಷದಿಂದ ನ್ಯಾಹುರುರುವಿನ ಹೆರಿಗೆ ವಾರ್ಡನ್ನು ಒಬ್ಬಳೇ ಹೊತ್ತವಳ ಹಾಗೆ ಓಡಾಡಿದವಳು. ಇಷ್ಟು ಹೇಳುವ ಹಕ್ಕು ಅವಳಿಗಿತ್ತು. ಆ ಮಾತು ಮುಂದೆ ತನ್ನ ಕಾಲಿಗೇ ತೊಡರುತ್ತದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ನೆಂಟರು ಹೋದ ಮೇಲೆ ಕಮಾಂಡೆಯ ಹೆಂಡತಿ ಗಥೋನಿ ಅತ್ತೆ ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಕ್ರೋಶಾ ಕಡ್ಡಿ ತೆಗೆದು ನ್ಯಾವಿರಾಳ ಕೈಗಿಟ್ಟಳು.

"ಆರು ವಾರಕ್ಕೆ ಹುಡುಗಿ ಒಪ್ಪಿಸೋ ಶಾಸ್ತ್ರ ಇದೆ. ಅವತ್ತು ಹಿರಿಯರು ಕೂರೋ ಸೋಫಾದ ಮೇಲೆ ಇದು ಇರಬೇಕು. ನಿಮ್ಮಮ್ಮನೂ ಬಂದ ಹಾಗಾಗುತ್ತೆ."

"ಅತ್ತೆ, ನನಗೆ ಟೈಮ್ ಎಲ್ಲಿದೆ? ಡ್ಯೂಟಿ ಮುಗ್ಸಿ ಬಂದ್ರೆ ಊಟ ಮಾಡೋಕೂ ಸುಸ್ತು."

"ಮಟಾಟು ವ್ಯಾನಲ್ಲಿ ಕೂತು ಫೋನ್ ತಿಕ್ಕೋಕೆ ಟೈಮ್ ಇರತ್ತಲ್ಲ? ಅದನ್ನ ಇದಕ್ಕೆ ಕೊಡು. ನಿಮ್ಮಮ್ಮನ ಕೈ ಎಲ್ಲೂ ಹೋಗಿಲ್ಲ ಕಣೇ, ನಿನ್ನ ತೋಳಿನ ತುದೀಲೇ ಇದೆ."

ಮೊದಲ ದಿನ ಕಡ್ಡಿ ಕೈಯಲ್ಲಿ ಚಮಚದ ಹಾಗೆ ಕೂತಿತು. ಎರಡನೆಯ ದಿನ ಮಟಾಟುವಿನ ಕಿಟಕಿಯ ಪಕ್ಕ ಕೂತು, ಮನೆಯಲ್ಲಿದ್ದ ಚೂರುಪಾರು ಉಲ್ಲನ್ನಿನಲ್ಲಿ ಸರಪಣಿ ಹೆಣೆದಳು. ಮೂರನೆಯ ದಿನ, ಯಾರೋ ಕಂಡಕ್ಟರನ ಜೊತೆ ಜಗಳವಾಡುತ್ತಿರುವಾಗ, ತನ್ನ ಬೆರಳು ತಾನಾಗಿಯೇ ನೂಲು ಸುತ್ತಿ ಎಳೆಯುತ್ತಿರುವುದನ್ನು ಕಂಡಳು. ಅಮ್ಮ ಎಳೆಯುತ್ತಿದ್ದ ಹಾಗೆಯೇ, ಕಿರುಬೆರಳನ್ನು ಸ್ವಲ್ಪ ಎತ್ತಿ. ಅವಳ ಕಣ್ಣು ತುಂಬಿತು. ತಲೆಯೊಳಗೆ ಸದಾ ಗಿಜಿಗುಡುತ್ತಿದ್ದ ವಾರ್ಡು ಎಷ್ಟೋ ದಿನದ ಮೇಲೆ ಸುಮ್ಮನಾಯಿತು. ಇಷ್ಟು ಸುಖವಾದದ್ದನ್ನು ಯಾಕೆ ಬಿಟ್ಟಿದ್ದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ತೊಂದರೆ ಇದ್ದದ್ದು ಬಣ್ಣದಲ್ಲಿ. ಹಾಲು ಹೆಚ್ಚಾದ ಚಹಾದಂಥ ಆ ಬಣ್ಣದ ಉಲ್ಲನ್ ಈಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಕತ್ತರಿಸಿದ ತುಂಡುಗಳೋ ಗೇಣುದ್ದ.

ಶನಿವಾರ ಮುರೇಥಿ ಬಂದ. ಶಾಮಿಯಾನದ ವಿಚಾರ ಮಾತಾಡಬೇಕೆಂದು ನೆಪ. ಕಂಕುಳಲ್ಲಿ ಪೇಪರು ಸುತ್ತಿದ ಗಂಟು.

"ನಕೂರುವರೆಗೂ ಹುಡುಕಿದೆ, ಸಿಗಲಿಲ್ಲ," ಎಂದು ಗಂಟು ಬಿಚ್ಚಿದ. ಒಳಗೆ ಸೋಫಾದ ಕೈಗೆ ಹಾಸುವ ನಾಲ್ಕು ಕಿತಂಬಾ. ಅದೇ ಹಾಲುಚಹಾದ ಬಣ್ಣ. "ಆಗಿನ ಕಾಲದಲ್ಲಿ ಇಡೀ ಜಿಲ್ಲೆಗೆ ಒಂದೇ ಬಣ್ಣದ ಉಲ್ಲನ್ ಬರ್ತಿತ್ತಂತೆ. ಇದು ನಮ್ಮಮ್ಮ ಹಾಕಿದ್ದು. ಬಿಚ್ಚಿ."

ನ್ಯಾವಿರಾ ಬಟ್ಟೆ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. "ಅಮ್ಮನಿಗೆ ಹೇಳಿ ತಂದ್ರಾ, ಕದ್ದು ತಂದ್ರಾ?"

"ಅವರೇ ಕೊಟ್ರು. 'ಒಬ್ಬ ತಾಯಿ ಕೈಕೆಲಸ ಹಾಳುಮಾಡಿ ಬಂದಿದೀಯ, ಇನ್ನೊಬ್ಬ ತಾಯಿದು ಕೊಟ್ಟು ಸರಿಮಾಡು' ಅಂದ್ರು. ಆಮೇಲೆ ಅರ್ಧ ಗಂಟೆ ಬೈದ್ರು."

"ಅರ್ಧ ಗಂಟೆ ಕಮ್ಮಿ ಆಯ್ತು."

"ಉಳಿದದ್ದು ನೀವು ಬೈತೀರ ಅಂತ ಬಿಟ್ಟಿರಬೇಕು."

ಅವಳಿಗೆ ನಗು ಬಂದೇಬಿಟ್ಟಿತು. ಅದನ್ನು ಅಡಗಿಸಲು ಕಿತಂಬಾದ ತುದಿ ಹುಡುಕುವ ನಾಟಕ ಮಾಡಿದಳು. ಅವನು ಹೇಳಿಸಿಕೊಳ್ಳದೆಯೇ ಎದುರು ಕೂತು ಎರಡೂ ಕೈ ಚಾಚಿದ. ಬಿಚ್ಚಿದ ನೂಲನ್ನು ಅವಳು ಅವನ ಕೈಗಳಿಗೆ ಸುತ್ತುತ್ತ ಹೋದಳು. ಎಮ್ಮೆಯಂಥ ಹೋರಿಗಳನ್ನು ಹಿಡಿಯುವ ಕೈ, ಗೆರೆಗೆರೆ ಗಾಯದ ಗುರುತು. ಆ ಕೈ ನೂಲಿನ ಸೆಳೆತಕ್ಕೆ ತಕ್ಕ ಹಾಗೆ ಮೆಲ್ಲಗೆ ಎಡಕ್ಕೆ ಬಲಕ್ಕೆ ಬಾಗುತ್ತಿತ್ತು.

"ಇದೆಲ್ಲ ಎಲ್ಲಿ ಕಲಿತ್ರಿ?"

"ಮನೇಲಿ ಹೆಣ್ಣುಮಕ್ಕಳಿರಲಿಲ್ಲ. ಅಮ್ಮ ಹರಟೆ ಹೊಡೀತಾ ಲೆಕ್ಕ ತಪ್ಪೋಳು. ಕುಣಿಕೆ ಎಣಿಸೋ ಕೆಲಸ ನಂದೇ. ಯಾರಿಗೂ ಹೇಳ್ಬೇಡಿ, ನನ್ನ ಮರ್ಯಾದೆ ಹೋಗುತ್ತೆ."

"ಹೋಗೋಕೆ ಇನ್ನೂ ಉಳಿದಿದೆಯಾ?" ಎಂದಳು. ಕಣ್ಣು ಕಣ್ಣು ಸೇರಿತು. ಅವಳು ಸುತ್ತುವುದನ್ನು ಮರೆತಳು. ಅವನು ಕೈ ಬಾಗಿಸುವುದನ್ನು ಮರೆಯಲಿಲ್ಲ. ನೂಲು ಸುತ್ತಿದ ಕೈಗಳು ಸುಮ್ಮನೆ ಎಡಕ್ಕೂ ಬಲಕ್ಕೂ ಬಾಗುತ್ತಲೇ ಇದ್ದವು.

ಅಲ್ಲಿಂದ ಮುಂದೆ ಶನಿವಾರಗಳು ಬರುತ್ತಲೇ ಇದ್ದವು. ಒಮ್ಮೆ ಕುರ್ಚಿಗಳ ವಿಚಾರ, ಒಮ್ಮೆ ಮೇಕೆಗಳ ವಿಚಾರ. ಕುರ್ಚಿ ಎಷ್ಟು ಎಂದು ಫೋನಿನಲ್ಲಿ ಕೇಳಬಹುದಿತ್ತು. ಗಥೋನಿ ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಚಹಾಕ್ಕೆ ಮಾತ್ರ ಒಂದು ಲೋಟ ನೀರು ಹೆಚ್ಚಿಡುತ್ತಿದ್ದಳು. ನ್ಯಾವಿರಾ ಹೆಣೆಯುತ್ತ ವಾರ್ಡಿನ ಕಥೆ ಹೇಳುವಳು. ಅವನು ಹಸುಗಳ ಕಥೆ ಹೇಳುವನು. ಎರಡೂ ಹೆರಿಗೆಯ ಕಥೆಯೇ ಆದ್ದರಿಂದ ಯಾರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ಅತ್ತೆಗೆ ಆಗಾಗ ಗೊಂದಲವಾಗುತ್ತಿತ್ತು.

ಮದುಮಗಳು ನ್ಯೋಕಾಬಿ, ಕಮಾಂಡೆಯ ಮಗಳು, ಕನ್ನಡಿಯ ಮುಂದೆ ಶಾಸ್ತ್ರದ ಅಭ್ಯಾಸ ಮಾಡುತ್ತಿದ್ದಳು. ಆ ದಿನ ತಂದೆ ಎಲ್ಲರೆದುರು, "ಇವರು ತಂದ ಮೇಕೆ ತಿನ್ನೋಣವೇನಮ್ಮಾ?" ಎಂದು ಕೇಳಬೇಕು. ಹುಡುಗಿ ತಿನ್ನಿ ಎಂದರೆ ಗಂಡನ್ನು ಒಪ್ಪಿದಳೆಂದೇ ಲೆಕ್ಕ. ಬೇಡ ಎಂದರೆ ಮೇಕೆಗಳು ಬಂದ ದಾರಿಯಲ್ಲೇ ವಾಪಸು.

"ತಿನ್ನಿ, ಅಪ್ಪಾ," ಎಂದು ನ್ಯೋಕಾಬಿ ಮೆತ್ತಗೆ ಹೇಳಿದಳು. "ನಾಚಿಕೆ ಜಾಸ್ತಿ ಆಯ್ತೇನಕ್ಕಾ?"

"ಹಸಿವು ಜಾಸ್ತಿ ಆಯ್ತು," ಎಂದಳು ನ್ಯಾವಿರಾ. ಬಾಗಿಲಲ್ಲಿ ನಿಂತಿದ್ದ ಮುರೇಥಿ ನಕ್ಕ. ಅವಳು ಆ ನಗುವನ್ನು ವಾರವಿಡೀ ಮಟಾಟುವಿನಲ್ಲಿ ಹೊತ್ತು ತಿರುಗಿದಳು.

ಐದನೆಯ ಶನಿವಾರ ಅವನು ಕಿತಂಬಾವನ್ನು ತೊಡೆಯ ಮೇಲೆ ಹರಡಿ ನಡುವಿನಿಂದ ಅಂಚಿನವರೆಗೆ ಬೆರಳಾಡಿಸಿದ.

"ಹತ್ತೊಂಬತ್ತು ಸುತ್ತು."

"ಹೂಂ."

"ಹೋದ ಶನಿವಾರನೂ ಹತ್ತೊಂಬತ್ತೇ ಇತ್ತು."

ನ್ಯಾವಿರಾ ಕಡ್ಡಿಯನ್ನು ಡಬ್ಬಿಗೆ ಹಾಕಿದಳು. "ತಪ್ಪಾಗಿತ್ತು. ಬಿಚ್ಚಿ ಹಾಕ್ದೆ."

"ಎಲ್ಲಿ ತಪ್ಪು?"

"ನಿಮಗೆ ಅರ್ಥ ಆಗಲ್ಲ."

"ಆಗುತ್ತೆ. ಈ ನೂಲು ನೋಡಿ, ಎಷ್ಟು ಗುಂಗುರಾಗಿದೆ. ಇದನ್ನ ಒಂದ್ಸಲ ಅಲ್ಲ, ಮೂರು ಸಲ ಬಿಚ್ಚಿದೀರಿ."

ಸಿಕ್ಕಿಬಿದ್ದ ಕಳ್ಳಿಯ ಹಾಗೆ ಅವಳು ತಲೆ ತಗ್ಗಿಸಿದಳು. ಏನೆಂದು ಹೇಳುವುದು? ಕೆಲಸ ಮುಗಿದರೆ ನೀವು ಬರಲು ಕಾರಣ ಉಳಿಯುವುದಿಲ್ಲ ಎಂದೇ? ಸೋಮವಾರ ಹೆಣೆದದ್ದನ್ನು ಗುರುವಾರ ಬಿಚ್ಚುತ್ತಿದ್ದೇನೆ ಎಂದೇ?

"ನ್ಯಾವಿರಾ," ಎಂದ ಅವನು, ಮೊದಲ ಸಲ ಬರೀ ಹೆಸರು ಹಿಡಿದು. "ಒಂದು ವಿಚಾರ ಕೇಳ್ಬೇಕು..." ಅಷ್ಟಕ್ಕೇ ನಿಲ್ಲಿಸಿ, ಕಿತಂಬಾವನ್ನು ಜೋಪಾನವಾಗಿ ಮಡಿಸಿ ಅವಳ ಮಡಿಲಿಗಿಟ್ಟ. "ಬೇಡ. ಕೇಳಬಾರದು ಅಂತ ಮೊದಲ ದಿನವೇ ಹೇಳಿದೀರಿ. ಒಂದ್ಸಲ ನಿಮ್ಮ ಮಾತು ಕೇಳದೆ ಎಳೆದು ಹಾಳುಮಾಡಿದೀನಿ. ಇನ್ನೊಮ್ಮೆ ಬೇಡ."

ಕೇಳಿ ಎನ್ನುವ ಎರಡಕ್ಷರ ಅವಳ ನಾಲಿಗೆಯ ತುದಿಯವರೆಗೆ ಬಂತು. ಹನ್ನೆರಡು ವರ್ಷ ಇಲ್ಲ ಎಂದೇ ಪಳಗಿದ ನಾಲಿಗೆ, ಮುಂದಕ್ಕೆ ಹೋಗಲೊಲ್ಲದು. ಅವನು ಗೇಟು ದಾಟಿದ. ಬೈಕಿನ ಸದ್ದು ಎಲೆಕೋಸಿನ ಹೊಲಗಳಾಚೆ ಕರಗುವವರೆಗೂ ಅವಳು ಕೂತೇ ಇದ್ದಳು. ಅವನೆಂದರೆ ಅವಳಿಗೆ ಪ್ರಾಣವಾಗಿತ್ತು. ತಾನೇ ಹಾಕಿದ ಬೀಗ, ತಾನೇ ತೆಗೆಯಬೇಕು, ಕೀಲಿ ಎಲ್ಲಿಟ್ಟೆನೋ ನೆನಪಿಲ್ಲ.

ಶಾಸ್ತ್ರದ ದಿನ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಸೋಫಾಗಳನ್ನು ಅಂಗಳಕ್ಕೆ ತಂದರು. ಕಿತಂಬಾದ ಅಂಚಿನಲ್ಲಿ ಇನ್ನೂ ಎರಡು ಕಮಾನು ಬಾಕಿ. "ಬೇಗ ಮುಗ್ಸೇ ಮಾರಾಯ್ತಿ!" ಎಂದು ಅತ್ತೆ ಬೈಯುತ್ತಿರುವಾಗಲೇ ಹುಡುಗಿಯರು ಬಂದು ನ್ಯಾವಿರಾಳ ತೋಳು ಹಿಡಿದು ಎಳೆದರು. ಮದುಮಗಳ ಜೊತೆ ನಿಲ್ಲಲು ಐವರು ಬೇಕು, ಒಬ್ಬಳು ಕಡಿಮೆ.

ಆರು ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಲೆಯಿಂದ ಪಾದದವರೆಗೆ ಹೂವಿನ ಬಟ್ಟೆ ಹೊದಿಸಿದರು. ಗಂಡು ತನ್ನ ಹುಡುಗಿಯನ್ನು ಗುರುತಿಸಿ ಮುಸುಕು ತೆಗೆಯಬೇಕು. ತಪ್ಪಿದರೆ ಒಂದು ಮೇಕೆ ದಂಡ. ಮುಸುಕಿನ ಕತ್ತಲಲ್ಲಿ ನಿಂತ ನ್ಯಾವಿರಾಗೆ ಬೇರೆ ಕೆಲಸವೇನಿತ್ತು? ಕೈಯಲ್ಲೇ ಉಳಿದಿದ್ದ ಕಿತಂಬಾ ಹೆಣೆಯತೊಡಗಿದಳು. ಈ ಸಲ ಬಿಚ್ಚುವ ಮನಸ್ಸಾಗಲಿಲ್ಲ. ಬಿಚ್ಚಿ ಏನು ಪ್ರಯೋಜನ?

ನೂಲಿನ ಉಂಡೆ ಜಾರಿ ಹುಲ್ಲಿನ ಮೇಲೆ ಉರುಳಿದ್ದು ಅವಳಿಗೆ ತಿಳಿಯಲಿಲ್ಲ.

ಕಿಹಾರ ಸಾಲಿನ ಮುಂದೆ ಎರಡು ಸಲ ನಡೆದ. ಆರೂ ಜನರ ಕಾಲಿಗೆ ಒಂದೇ ಥರದ ರಬ್ಬರ್ ಚಪ್ಪಲಿ. ಬೆವರು ಒರೆಸಿಕೊಂಡು ಅಣ್ಣನ ಕಡೆ ತಿರುಗಿದ. "ಅಣ್ಣಾ, ಯಾವುದು? ಬೇಗ ಹೇಳೋ."

ಮುರೇಥಿ ನಾಲ್ಕನೆಯ ಮುಸುಕಿನ ಬುಡ ನೋಡುತ್ತಿದ್ದ. ಹಾಲುಚಹಾ ಬಣ್ಣದ ಉಂಡೆ ಅಲ್ಲಿ ಒಂದೊಂದೇ ಕುಣಿಕೆಗೆ ಪುಟಪುಟನೆ ಕುಣಿಯುತ್ತಿತ್ತು. ಅವನು ಬೆರಳೆತ್ತಿ ತೋರಿಸಿದ. "ಇವಳು."

ಕಿಹಾರ ಮುಸುಕು ಎಳೆದ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ, ಕೈಯಲ್ಲಿ ಕಡ್ಡಿ ಹಿಡಿದು ನ್ಯಾವಿರಾ ನಿಂತಿದ್ದಳು.

ಹೆಣ್ಣಿನ ಕಡೆಯವರು ಕೇಕೆ ಹಾಕಿದರು. "ದಂಡ! ದಂಡ! ಮೇಕೆ ತನ್ನಿ!"

"ಏನಣ್ಣ ನೀನು?" ಕಿಹಾರ ಅಳುವ ಹಾಗಾಗಿದ್ದ. "ಕಣ್ಣು ಕಾಣಲ್ವಾ? ಅವರು ನ್ಯೋಕಾಬಿ ಅಲ್ಲ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು," ಎಂದ ಮುರೇಥಿ. "ಗೊತ್ತಿದ್ದೇ ತೋರಿಸ್ದೆ. ದಂಡದ ಮೇಕೆ ನಂದು. ನಾನು ಏನೂ ಕೇಳ್ತಾ ಇಲ್ಲ. ಕೇಳಬಾರದು ಅಂತ ಅಪ್ಪಣೆಯಾಗಿದೆ. ಆದ್ರೆ ತೋರಿಸಬಾರದು ಅಂತ ಯಾರೂ ಹೇಳಿರಲಿಲ್ಲ."

ಐದು ಮುಸುಕುಗಳೂ ತಾವೇ ಸರಿದು ಐದು ಮುಖಗಳು ಹೊರಬಂದವು. ಕಿಹಾರ ನ್ಯೋಕಾಬಿಯನ್ನು ನೋಡಿದ, ಅವಳು ಅವನನ್ನು ನೋಡಲೇ ಇಲ್ಲ, ಅಕ್ಕನನ್ನೇ ನೋಡುತ್ತಿದ್ದಳು.

ಕಮಾಂಡೆ ಕೋಲೂರಿ ಎದ್ದು ಬಂದ. ತಂದೆಯಿಲ್ಲದ ನ್ಯಾವಿರಾಳನ್ನು ಬೆಳೆಸಿದವನು ಅವನೇ.

"ಮಗಳೇ, ನಿನ್ನ ವಿಚಾರ ಯಾರೂ ಕೇಳಬಾರದು ಅಂತ ನೀನೇ ಹೇಳಿದ್ದೆ. ನಿನ್ನ ಮಾತು ಮೀರೋನಲ್ಲ ನಾನು. ಹೇಳು, ಕೇಳಲೋ ಬೇಡವೋ?"

ನ್ಯಾವಿರಾ ಹುಲ್ಲಿನ ಮೇಲಿದ್ದ ಉಂಡೆ ನೋಡಿದಳು. ಕೈಯಲ್ಲಿದ್ದ ಕಿತಂಬಾ ನೋಡಿದಳು. ಒಳಗಿನ ಹದಿಮೂರು ಸುತ್ತು ಅಮ್ಮನದು, ಹೊರಗಿನ ಒಂಬತ್ತಕ್ಕೆ ನೂಲು ಅವನ ಅಮ್ಮನದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಈಗ ಅವಳೂ ಹುಡುಕಬೇಕಾಗಿತ್ತು.

"ಕೇಳಿ, ಮಾವ," ಎಂದಳು.

ಕಮಾಂಡೆ ಅಂಗಳಕ್ಕೆಲ್ಲ ಕೇಳುವ ಹಾಗೆ ದನಿ ಎತ್ತಿದ. "ಈ ಗಂಡಸು ಕೊಡೋ ಮೇಕೆ ತಿನ್ನೋಣವೇನಮ್ಮಾ?"

"ತಿನ್ನಿ, ಮಾವ."

ಹೆಂಗಸರ ಕೇಕೆ ಬೆಟ್ಟದಾಚೆಗೂ ಕೇಳಿಸಿರಬೇಕು. ಗಥೋನಿ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ, "ಕಮಾನು ಮುಗೀತಾ? ಮುದುಕರು ಬರೀ ಸೋಫಾದ ಮೇಲೆ ಕೂತಿದಾರೆ!" ಎಂದು ಗದರಿದಳು.

"ಇನ್ನೊಂದೇ ಒಂದು, ಅತ್ತೆ."

ಮುರೇಥಿ ಬಂದು ಉಂಡೆ ಎತ್ತಿಕೊಂಡು, ಅವಳ ಪಕ್ಕದ ಹುಲ್ಲಿನಲ್ಲಿ ಕೂತು ನೂಲು ಸಡಿಲ ಬಿಡತೊಡಗಿದ. ಇಡೀ ಅಂಗಳ ನೋಡುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಈ ಸಲ ಬಿಚ್ಚಲ್ಲ ತಾನೇ?" ಎಂದ ಮೆಲ್ಲಗೆ.

"ಬಿಚ್ಚಲ್ಲ," ಎಂದಳು ನ್ಯಾವಿರಾ. "ನೀನು ಕೋಟು ಮಾತ್ರ ತೆಗೆದಿಟ್ಟು ಕೂತ್ಕೋ."