ಅಳಿಸುವ ಅನುಮತಿ

ಬಾವಿ ಹನ್ನೆರಡು ಅಡಿ ಆಚೆಗಿತ್ತು. ಅಪ್ಪ, ದೊಡ್ಡಪ್ಪ ಹೊಲ ಪಾಲು ಮಾಡಿಕೊಂಡ ದಿನ ಎಳೆದ ಗೆರೆಯಿಂದ ನೀರು ದೊಡ್ಡಪ್ಪನ ಮಗನಿಗೆ ದಕ್ಕಿತು. ನಕ್ಷೆಗಾರನಿಗೆ ಸಿಕ್ಕಿದ್ದು ಬೇಲಿಯಾಚೆಯ ರಾಟೆಯ ಸದ್ದು ಕೇಳುವ ಭಾಗ್ಯ. ಈಗ ಅವನು ಭೂಮಾಪನ ಕಚೇರಿಯ ಏಳನೇ ಮೇಜಿನಲ್ಲಿ ಕೂತು ಊರವರ ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಾಯುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯಲು ಒಂದೇ ಅಡ್ಡಿ: ಗಡಿನಕ್ಷೆಗಳ ಫೋಲ್ಡರನ್ನು ಓದಬಹುದಿತ್ತು, ಬರೆಯುವಂತಿರಲಿಲ್ಲ.

ಅದೇ ಫೋಲ್ಡರಿನಲ್ಲಿದ್ದ ತನ್ನ ರಸ್ತೆನಕ್ಷೆ ಸೇವ್ ಆಗುತ್ತಿಲ್ಲವೆಂದು ಮೂರು ದಿನ ಗೊಣಗಿದ. ನಾಲ್ಕನೇ ದಿನ ಕಂಪ್ಯೂಟರ್ ನೋಡಿಕೊಳ್ಳುವವಳು ಬಂದಳು.

"ಎಲ್ಲರಿಗೂ ಬರೆಯೋಕೆ ಬಿಟ್ಟಿದ್ದೀನಿ ಸರ್. ಅಳಿಸೋಕೆ ಮಾತ್ರ ಬಿಟ್ಟಿಲ್ಲ. ಯಾರಾದ್ರೂ ಕೈತಪ್ಪಿ ನಕ್ಷೆನೇ ಅಳಿಸಿಬಿಟ್ರೆ ನನ್ನ ತಲೆಗೆ ಬರುತ್ತೆ."

"ನನಗ್ಯಾಕಮ್ಮ ಅಳಿಸೋ ಉಸಾಬರಿ? ಬರೆಯೋಕಾದ್ರೆ ಸಾಕು."

ಬರೆದವರ ಹೆಸರು ಫೈಲಿನ ಮೇಲೆ ಉಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಪಕ್ಕದ ಮೇಜಿನ ಹಿರಿಯ ಗುಮಾಸ್ತರ ಪಾಸ್‌ವರ್ಡ್ ಅವರ ಮೊಮ್ಮಗಳ ಮುದ್ದಿನ ಹೆಸರೆಂಬುದು ಇಡೀ ಕಚೇರಿಗೇ ಗೊತ್ತಿತ್ತು. ಅವರು ಊಟಕ್ಕೆದ್ದಾಗ, ಯಾರಿಗೂ ಅನುಮಾನ ಬಾರದಂತೆ ತನ್ನ ಕುರ್ಚಿಯಲ್ಲೇ ಕೂತು ಅವರ ಹೆಸರಿನಲ್ಲಿ ಒಳಹೊಕ್ಕ. ಗೆರೆಯನ್ನು ಹನ್ನೆರಡಲ್ಲ, ಹದಿನೈದು ಅಡಿ ಜರುಗಿಸಿದ. ರಾಟೆಯ ಕಂಬಕ್ಕೂ ಜಾಗ ಬೇಕಲ್ಲ! ಸೇವ್ ಆಯಿತು. ನಕ್ಷೆ ಮುಚ್ಚಿದ.

ಮುದುಕರು ಬಂದವರೇ ಒಂದು ಬಾಳೆಹಣ್ಣು ಚಾಚಿದರು. "ತಗೋ ಮಗಾ, ನೀನು ಊಟಕ್ಕೇ ಏಳಲಿಲ್ಲ." ಒಂದು ಕ್ಷಣ ನಾಚಿಕೆಯಾಯಿತು. ಹಣ್ಣಿನ ಜೊತೆ ಅದನ್ನೂ ನುಂಗಿದ.

ಮೂರನೇ ದಿನ, ಹೊಸದಾಗಿ ತೆಗೆಸಿದ ನಕ್ಷೆಯಲ್ಲಿ ತನ್ನ ಬಾವಿ ಕಾಣದೆ, ದೊಡ್ಡಪ್ಪನ ಮಗ ಕಚೇರಿಗೆ ಬಂದ. ಇಲಿ ತಿಂದಿರಬೇಕೆಂದು ನಕ್ಷೆಗಾರ ನಂಬಿದ್ದ ಹಳೆಯ ಕಾಗದದ ನಕ್ಷೆ ಅವನ ಕೈಯಲ್ಲಿತ್ತು. ಮೇಲಧಿಕಾರಿ ಎರಡನ್ನೂ ಹೋಲಿಸಿ, ಫೈಲಿನ ಮೇಲಿದ್ದ ಹೆಸರು ಓದಿದರು. ಗುಮಾಸ್ತರು ಎದ್ದು ಆಕೆಯ ಮುಂದೆ ಬಂದು ನಿಂತರು.

"ನಾನಲ್ಲಮ್ಮಾ. ದೇವರಾಣೆ ನಾನಲ್ಲ. ನಿವೃತ್ತಿಗೆ ಇನ್ನು ಎರಡು ತಿಂಗಳಿದೆ..."

ನಕ್ಷೆಗಾರ ತಲೆ ತಗ್ಗಿಸಿ ರಸ್ತೆ ಎಳೆಯುತ್ತಿದ್ದ. ಬಾವಿ ಹೋದರೆ ಹೋಗಲಿ, ತಾನಂತೂ ಪಾರಾದೆ ಎಂದುಕೊಂಡ.

ಗೆರೆಯನ್ನು ಮೊದಲಿನ ಜಾಗಕ್ಕೆ ತರಲು ಅಧಿಕಾರಿ ತಾವೇ ಕೂತರು. ನಕ್ಷೆ ಬಗ್ಗಲಿಲ್ಲ. ಯಾರೇ ತಿದ್ದಲು ನಕ್ಷೆ ತೆರೆದರೂ, ಇನ್ನೊಬ್ಬರು ಕೈ ಹಾಕದಿರಲೆಂದು ತಂತ್ರಾಂಶ ಪಕ್ಕದಲ್ಲೊಂದು ಪುಟ್ಟ ಬೀಗದ ಫೈಲ್ ಇಡುತ್ತದೆ; ಮುಚ್ಚುವಾಗ ತಾನೇ ಅಳಿಸುತ್ತದೆ. ಅಳಿಸಲು ಅನುಮತಿ ಇದ್ದರೆ. ಪರದೆಯ ಮೇಲೆ ಮೂಡಿದ ಸಾಲನ್ನು ಅಧಿಕಾರಿ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು: "ಈ ನಕ್ಷೆ ಸೋಮವಾರ ಮಧ್ಯಾಹ್ನ ಒಂದೂಕಾಲು ಗಂಟೆಯಿಂದ ಏಳನೇ ಮೇಜಿನಲ್ಲಿ ತೆರೆದಿದೆ."