ಎರೆಯದೆ ಆರಿದ ಸೀಗೆನೀರು

"ಇಷ್ಟೆಲ್ಲ ಯಾರ ಮೇಲಿನ ಸಿಟ್ಟಿಗೆ ಉದುರ್ತಾ ಇದೀಯ?"

ಯಿನ್ ಮೇ ಕೇಳಿದ್ದು ಯಾರನ್ನೂ ಅಲ್ಲ. ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನು ಬಿಡಿಸಿ, ಬೆರಳಿಗೆ ಸುತ್ತಿ, ಬಿದಿರಿನ ಡಬ್ಬಿಗೆ ಹಾಕಿದಳು. ಇರಾವತಿ ದಂಡೆಯ ಸಗಾಯಿಂಗ್‌ನ ಹೆಂಗಸರು ಉದುರಿದ ಕೂದಲನ್ನು ಎಸೆಯುವುದಿಲ್ಲ. ಕೂಡಿಟ್ಟು ಚೌರಿ ಮಾಡಿಕೊಳ್ಳುತ್ತಾರೆ. ಅವಳ ತುರುಬಿನಲ್ಲಿ ಈಗ ಮುಕ್ಕಾಲು ಪಾಲು ಚೌರಿಯೇ.

ಹೊಸ ವರ್ಷದ ಬೆಳಗು. ಗುಡ್ಡದ ಪಗೋಡದಿಂದ ಭಿಕ್ಷುಗಳ ಪಠಣ ಮೆಲ್ಲಗೆ ಇಳಿದು ಬರುತ್ತಿತ್ತು. ಒಲೆಯ ಮೇಲೆ ತಯಾ ಮರದ ತೊಗಟೆಯೂ ಸೀಗೆಕಾಯಿಯೂ ಕುದ್ದು ನೊರೆಯೆದ್ದಿದ್ದವು. ಊರಿನ ಅರ್ಧ ತಲೆಗಳು ಅವಳು ಮಾರುವ ಸೀಗೆನೀರಿನಲ್ಲೇ ಮೀಯುವುದು. ಒಂದು ಕಾಲಕ್ಕೆ ಮೊಣಕಾಲು ಮುಟ್ಟುತ್ತಿದ್ದ ಅವಳ ಜಡೆಯೇ ಅಂಗಡಿಯ ಬೋರ್ಡು.

ಮೂರು ವರ್ಷದ ಹಿಂದೆ ವಿಷಮಜ್ವರ ಬಂತು. ಜ್ವರ ಹೋಗುವಾಗ ಜಡೆಯನ್ನೂ ಕರೆದುಕೊಂಡು ಹೋಯಿತು. ಲೋಳೆಸರ ತಿಕ್ಕಿದಳು, ದಾಸವಾಳದೆಲೆ ಅರೆದಳು, ಮೆಂತ್ಯ ನೆನೆಸಿದಳು, ಕರಿ ಎಳ್ಳೆಣ್ಣೆ ಕಾಯಿಸಿದಳು. ಈರುಳ್ಳಿ ರಸ ಹಚ್ಚಿದ ವಾರ ಬೆಕ್ಕು ಕೂಡ ಹತ್ತಿರ ಸುಳಿಯಲಿಲ್ಲ.

"ಏ ಹುಡುಗಿ!" ಪಕ್ಕದ ಹೂವಿನಂಗಡಿಯಿಂದ ಚಿಕ್ಕಮ್ಮ ಡೋ ಮ್ಯಾ ಕೂಗಿದಳು. "ನಿನ್ನ ತೊಗಟೆಯವನು ದಂಡೆಗೆ ದೋಣಿ ಕಟ್ತಾ ಇದಾನೆ. ಈ ಸಲ ನನ್ನ ಕಳಿಸ್ಬೇಡ. ನನ್ನ ಮಂಡಿಗೂ ಹೊಸ ವರ್ಷ ಬಂದಿದೆ."

ಯಿನ್ ಮೇ ಎದ್ದು ಒಳಗೆ ಅಡಗುವಷ್ಟರಲ್ಲಿ ತೂಯ ಹೆಗಲ ಮೇಲೆ ತೊಗಟೆಯ ಹೊರೆ ಹೊತ್ತು ಬಾಗಿಲಲ್ಲೇ ನಿಂತಿದ್ದ. ಇರಾವತಿಯ ಮೇಲ್ದಂಡೆಯಿಂದ ತೊಗಟೆ ತರುವವನು. ಹೊರೆ ಇಳಿಸಿ ಟೋಪಿ ತೆಗೆದ. ನೆತ್ತಿ ಫಳಫಳ ಹೊಳೆಯಿತು.

"ಅಯ್ಯೋ ಕೋ ತೂಯ, ತಲೆ ಎಲ್ಲಿ ಬಿಟ್ಟು ಬಂದೆ?" ಗೌರವದ 'ಕೋ' ಸೇರಿಸಿಯೇ ಕಿಚಾಯಿಸಿದಳು.

"ತಲೆ ಇಲ್ಲೇ ಇದೆ. ಕಾಡು ಮಾತ್ರ ಕಡಿದು ಹೋಗಿದೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನ ಕಣ್ಣು ಅವಳ ತುರುಬಿನ ಮೇಲೆಯೇ ನಿಂತಿತ್ತು, ಕೊಂಬೆಗೆ ಹಾರಿ ಬಂದು ಕೂತ ಹಕ್ಕಿಯ ಹಾಗೆ.

"ನಿನ್ನದು ಮಾತ್ರ ಹಾಗೇ ಇದೆ."

ಕೆನ್ನೆಗೆ ಗಂಧದಂತೆ ತೇಯ್ದು ಹಚ್ಚಿದ ತನಖಾ ಲೇಪದಡಿಯಲ್ಲಿ ಅವಳ ಮುಖ ಬಿಸಿಯಾಯಿತು. ನೀರು ಕಲಕುವ ನೆವದಲ್ಲಿ ಬಗ್ಗಿದಳು. ಪಿನ್ನು ಜಾರಿತು. ಚೌರಿ ಬಿಚ್ಚಿಕೊಂಡು ಅವನ ತೊಗಟೆಯ ಹೊರೆಯ ಮೇಲೆ ಬಿತ್ತು.

ಅವಳು ಎರಡೂ ಕೈಯಲ್ಲಿ ನೆತ್ತಿ ಮುಚ್ಚಿಕೊಂಡಳು. ತೂಯ ಚೌರಿಯನ್ನೆತ್ತಿ, ಅಂಟಿದ ತೊಗಟೆಪುಡಿ ಕೊಡವಿ, ಪಗೋಡಕ್ಕೆ ಒಪ್ಪಿಸುವ ಹೂವಿನಂತೆ ಬೊಗಸೆಯಲ್ಲಿ ಹಿಡಿದ.

"ಯಾವಾಗಿಂದ?"

"ಜ್ವರ ಬಂತಲ್ಲ, ಆವಾಗಿಂದ. ನೀನು ನನ್ನನ್ನ ಹೊಳೆದಂಡೆಗೆ ಬಾ ಅಂದಿದ್ದ ವರ್ಷ."

ಆ ವರ್ಷ ಅವನು ಹೇಳಿದ್ದು ಇಷ್ಟೇ: ಹೊಸ ವರ್ಷದ ದಿನ ನೀನೇ ಬಂದು ನನ್ನ ತಲೆಗೆ ಸೀಗೆನೀರು ಎರೆ, ನನ್ನನ್ನ ಒಪ್ಪಿದೆ ಅಂದ್ಕೋತೀನಿ. ಅವಳಿಗೆ ಒಪ್ಪಿಗೆಯಿತ್ತು. ಆದರೆ ಹಿಡಿ ಹಿಡಿ ಕೂದಲು ಕೈಗೆ ಬರುತ್ತಿದ್ದ ದಿನಗಳವು. ನೀರಿನ ಮಡಕೆಯನ್ನು ಚಿಕ್ಕಮ್ಮನ ಕೈಲಿ ಕಳಿಸಿದಳು. ಒಪ್ಪಿದ್ದೇನೆ, ಕೂದಲು ಬರುವವರೆಗೆ ಕಾದಿರು ಎಂದು ಅದರ ಅರ್ಥವೆಂದುಕೊಂಡಳು.

"ಹೊಸ ವರ್ಷದ ದಿನ ಇನ್ನೊಬ್ಬರ ಕೈಲಿ ಸೀಗೆನೀರು ಯಾರಿಗೆ ಕಳಿಸ್ತಾರೆ, ಯಿನ್ ಮೇ?" ಅವನ ದನಿ ತಗ್ಗಿತ್ತು. "ತಾತನಿಗೆ, ಮೇಷ್ಟ್ರಿಗೆ, ದೊಡ್ಡಣ್ಣನಿಗೆ. ಓ, ನಾನು ಇವಳಿಗೆ ಹಿರೀಕ, ಅಷ್ಟೇ ಅಂದ್ಕೊಂಡೆ. ಹಿರೀಕರ ಹಾಗೆ ಆಶೀರ್ವಾದ ಮಾಡಿ ಕಳಿಸ್ದೆ."

"ಆಶೀರ್ವಾದ ಮಾಡಿದ ಅಂತ ಚಿಕ್ಕಮ್ಮ ಬಂದು ಹೇಳಿದ್ಲು. ಕಾಯ್ತಾನೆ ಅಂತ ನಾನು ಖುಷಿಪಟ್ಟೆ."

"ಕೂದಲಿಗೋಸ್ಕರ ಬಚ್ಚಿಟ್ಕೊಂಡ್ಯಾ? ಈ ಬೋಳು ಬುರುಡೆಯವನಿಂದ?"

"ಆವಾಗ ನಿಂಗೆ ಕೂದಲಿತ್ತಲ್ಲ!"

ನಗಬೇಕಾದ ಮಾತು. ಅವನು ನಗಲಿಲ್ಲ.

"ಭಿಕ್ಷುಗಳ ಮಳೆಗಾಲದ ವ್ರತ ಶುರುವಾಗೋ ಮುಂಚೆ ನನ್ನ ಮದುವೆ. ಅದನ್ನ ಹೇಳೋಕೇ ಬಂದೆ."

ಪಠಣ ನಿಂತು ಗಂಟೆ ಮೊಳಗಿತು. ಅದರ ದನಿ ಪೂರಾ ಅಡಗುವವರೆಗೆ ಅವಳು ಕೇಳಿಸಿಕೊಂಡಳು.

"ಹುಡುಗಿ ಹೇಗೆ?"

"ಒಳ್ಳೆಯವಳು. ನಮ್ಮಮ್ಮ ಹಾಸಿಗೆ ಹಿಡಿದಾಗಿಂದ ಅಮ್ಮನ ತಲೆಗೆ ಅವಳೇ ಎರೀತಾಳೆ."

ತೊಗಟೆ ಕುಟ್ಟುವಾಗ ಅಜ್ಜಿ ಹಾಡುತ್ತಿದ್ದ ಪದವೊಂದು ಯಿನ್ ಮೇಗೆ ನೆನಪಾಯಿತು.

ಬೆಚ್ಚಗಿರುವಾಗಲೆ ಎರೆಯೆ ಮಗಳೆ,
ಬಿಸಿನೀರು ಯಾರಿಗೂ ನಿಲ್ಲದು.

ಎಳೆಯ ವಯಸ್ಸಿನಿಂದ ಕೇಳಿದ ಪದ. ಬಾಯಿಪಾಠ ಮಾಡಿದ್ದಳು, ಪಾಲಿಸಿರಲಿಲ್ಲ.

ಮಡಕೆಯಿಂದ ಹಿತ್ತಾಳೆ ಬಟ್ಟಲಿಗೆ ನೀರು ತೋಡಿದಳು, ನಿಂಬೆ ಹಿಂಡಿದಳು. ನೆತ್ತಿ ಮುಚ್ಚಿದ್ದ ಕೈಗಳು ಯಾವಾಗಲೋ ಕೆಳಗಿಳಿದಿದ್ದವು. ತೆಳುವಾದ ಬೈತಲೆ ಬೆಳಕಿಗೆ ಬಿದ್ದಿತ್ತು. ಮುಚ್ಚಿಕೊಳ್ಳಬೇಕೆನ್ನಿಸಲಿಲ್ಲ. ಅವನ ಮುಂದೆ ಮಣೆ ಹಾಕಿದಳು.

"ಕೂತ್ಕೋ ಕೋ ತೂಯ. ಒಂದೇ ಒಂದು ಸಲ. ನನ್ನ ಕೈಯಾರೆ ಎರೀತೀನಿ."

ಅವನು ಮಣೆಯತ್ತ ಅರ್ಧ ಬಗ್ಗಿದ. ಬಟ್ಟಲಿನಿಂದ ಏಳುತ್ತಿದ್ದ ಆವಿ ಅವನ ಮುಖ ಮುಟ್ಟಿತು. ಅಲ್ಲಿಯೇ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ನೆಟ್ಟಗಾಗಿ, ಚೌರಿಯನ್ನು ಮಣೆಯ ಮೇಲಿಟ್ಟು, ಟೋಪಿ ಹಾಕಿಕೊಂಡ.

"ಇಲ್ಲ, ಯಿನ್ ಮೇ. ನೀನು ಎರೆದ್ರೆ ನಾನು ವಾಪಸ್ ದೋಣಿ ಹತ್ತಲ್ಲ. ಅದಕ್ಕೇ ಎರೆಸ್ಕೊಳ್ಳಲ್ಲ."